ಆ ಟೆಂಟಿನ ಬಾಡಿಗೆ ಯಾರ ಮನೆಗೆ ಹೋಗುತ್ತೆ?

"ಒಂದು ರಾತ್ರಿಗೆ ಎಷ್ಟು ಸಾರ್?"

ಕೀನ್ಯಾದಿಂದ ವಾಪಸ್ ಬಂದ ಮೇಲೆ ನನಗೆ ಅತಿ ಹೆಚ್ಚು ಸಲ ಎದುರಾದ ಪ್ರಶ್ನೆ ಇದು. ಸಿಂಹ ಕಂಡಿತಾ ಅಂತ ಕೇಳಿದವರು ಕಡಿಮೆ. ಮೇಕಪ್ ರೂಮಿನ ಹುಡುಗ ಕೇಳಿದ, ಕ್ಯಾಮೆರಾದವರು ಕೇಳಿದರು, ನಮ್ಮ ಬೀದಿ ತುದಿಯಲ್ಲಿ ಎಳನೀರು ಮಾರುವವರೂ ಕೇಳಿದರು. ಮುಚ್ಚುಮರೆ ಯಾಕೆ, ಹೇಳಿಬಿಡ್ತೀನಿ. ಇಬ್ಬರಿಗೂ ಸೇರಿ ರಾತ್ರಿಯೊಂದಕ್ಕೆ 1,400 ಡಾಲರ್. ನಮ್ಮ ದುಡ್ಡಿನಲ್ಲಿ ಒಂದು ಲಕ್ಷದ ಇಪ್ಪತ್ತು ಸಾವಿರ ದಾಟುತ್ತೆ. ಮೂರು ರಾತ್ರಿ ಇದ್ದೆವು. ಚಾನೆಲ್ ಖರ್ಚಲ್ಲ, ಯಾವ ಟೂರ್ ಕಂಪನಿಯ ಆತಿಥ್ಯವೂ ಅಲ್ಲ. ಮದುವೆಯಾಗಿ 25 ವರ್ಷ ತುಂಬಿತ್ತು, ಹೆಂಡತಿಗೆ ಎಂದೋ ಕೊಟ್ಟ ಮಾತಿತ್ತು, ಒಂದು ಎಫ್‌ಡಿ ಮುರಿದೆ. ಅಷ್ಟೇ ಕಥೆ.

"ಅಷ್ಟು ದುಡ್ಡು ಕೊಟ್ಟು ಟೆಂಟಿನಲ್ಲಿ ಮಲಗಿದ್ರಾ?" ಇದು ಎಳನೀರಿನವರ ಎರಡನೇ ಪ್ರಶ್ನೆ. ಇವತ್ತಿನ ಮಾತು ಅವರಿಗೆ ಕೊಟ್ಟ ಉತ್ತರ ಅಂದುಕೊಳ್ಳಿ.

ಮೊದಲು ದಾರಿ ಹೇಳ್ತೀನಿ. ನಾವು ಹೋಗಿದ್ದು 2025ರ ಆಗಸ್ಟ್‌ನಲ್ಲಿ, ಕೀನ್ಯಾದ ನೈಋತ್ಯಕ್ಕಿರುವ ಮಸಾಯಿ ಮಾರಾಕ್ಕೆ. ಮುಂಬೈಯಿಂದ ನೈರೋಬಿಗೆ ನೇರ ವಿಮಾನವಿದೆ. ವೀಸಾ ಅಂತ ಈಗಿಲ್ಲ, 2024ರಿಂದ ಆನ್‌ಲೈನ್ ಅನುಮತಿ. ಆದರೆ ಒಂದು ವಿಷಯ ಮರೀಬೇಡಿ: ಹಳದಿ ಜ್ವರದ ಲಸಿಕೆ. ಹೊರಡುವ ಕನಿಷ್ಠ ಹತ್ತು ದಿನ ಮುಂಚೆ, ಸರ್ಕಾರ ಮಾನ್ಯ ಮಾಡಿದ ಕೇಂದ್ರದಲ್ಲೇ ಹಾಕಿಸಿಕೊಂಡು ಹಳದಿ ಪುಸ್ತಕ ಇಟ್ಟುಕೊಂಡಿರಬೇಕು. ಕೀನ್ಯಾದವರು ಕೇಳದಿದ್ದರೂ ವಾಪಸ್ ಬರುವಾಗ ನಮ್ಮವರೇ ಕೇಳ್ತಾರೆ. ಇಲ್ಲದಿದ್ದರೆ ಆರು ದಿನದವರೆಗೂ ಕ್ವಾರಂಟೈನ್. ಪ್ಲಾಸ್ಟಿಕ್ ಕವರ್ ಕೂಡ ಒಯ್ಯಬೇಡಿ. 2017ರಿಂದ ಅಲ್ಲಿ ಅದು ನಿಷೇಧ. ನಮ್ಮ ಹಾಗೆ ಕಾಗದದ ಮೇಲಿನ ನಿಷೇಧ ಅಲ್ಲ.

ನೈರೋಬಿಯ ದೊಡ್ಡ ವಿಮಾನ ನಿಲ್ದಾಣ ಬೇರೆ, ಪುಟ್ಟ ವಿಮಾನಗಳು ಹೊರಡುವ ವಿಲ್ಸನ್ ಏರ್‌ಪೋರ್ಟ್ ಬೇರೆ. ಹನ್ನೆರಡು ಹದಿಮೂರು ಸೀಟಿನ ಸೆಸ್ನಾ ವಿಮಾನ. ತಲೆಗೆ 15 ಕೆಜಿ ಲಗೇಜು, ಅದೂ ಮೆತ್ತನೆಯ ಬ್ಯಾಗಿನಲ್ಲಿ. ಮುಕ್ಕಾಲು ಗಂಟೆ ಹಾರಾಟ. ಇಳಿಯೋದು ಮಣ್ಣಿನ ರನ್‌ವೇ ಮೇಲೆ. ನಾವಿಳಿಯುವ ಮುಂಚೆ ಒಂದು ಜೀಪು ಅತ್ತಿತ್ತ ಓಡಾಡಿ ಜೀಬ್ರಾಗಳನ್ನು ಓಡಿಸಿತು. ನಮ್ಮೂರ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಹಸು ಓಡಿಸುವಷ್ಟೇ ಸಹಜವಾಗಿ.

ಟೆಂಟ್ ಅಂದರೆ ನೀವು ಶಾಲಾ ಮಕ್ಕಳ ಕ್ಯಾಂಪಿನ ಟೆಂಟ್ ನೆನೆಸಿಕೊಳ್ಳಬೇಡಿ. ಮರದ ಹಲಗೆಯ ನೆಲ, ಕ್ಯಾನ್ವಾಸ್ ಗೋಡೆ, ದೊಡ್ಡ ಮಂಚ, ಬರೆಯೋಕೆ ಮೇಜು, ಹಿಂದುಗಡೆ ಬಚ್ಚಲು, ಕಮೋಡ್. ಕರೆಂಟು ಸೋಲಾರ್‌ನದು. ಸ್ನಾನಕ್ಕೆ ಹೊತ್ತು ಹೇಳಿದರೆ ಹುಡುಗನೊಬ್ಬ ಬಿಸಿನೀರು ತಂದು ಹೊರಗಿನ ಬಕೆಟ್ಟಿಗೆ ಸುರಿದು ಹಗ್ಗದಿಂದ ಮೇಲೆಳೀತಾನೆ, ಒಳಗೆ ಷವರಿನಲ್ಲಿ ಬರುತ್ತೆ. ಇಪ್ಪತ್ತು ಲೀಟರ್. ಅಷ್ಟರಲ್ಲಿ ಮುಗಿಸಬೇಕು. ಸಮಭಾಜಕ ವೃತ್ತದ ಹತ್ತಿರ, ಸೆಖೆ ಇರುತ್ತೆ ಅಂತ ಬನಿಯನ್ನು ತುಂಬಿಕೊಂಡು ಹೋಗಿದ್ದೆ. ಸಮುದ್ರಮಟ್ಟದಿಂದ ಒಂದೂವರೆ ಸಾವಿರ ಮೀಟರ್‌ಗಿಂತ ಮೇಲಿನ ಜಾಗ ಸ್ವಾಮಿ ಅದು. ಬೆಳಗಿನ ಜಾವ ಹಲ್ಲು ಕಟಕಟ. ರಾತ್ರಿ ಹಾಸಿಗೆಯೊಳಗೆ ಬಿಸಿನೀರಿನ ರಬ್ಬರ್ ಚೀಲ ಇಟ್ಟಿರ್ತಾರೆ. ನನ್ನ ಹೆಂಡತಿ ಹೊದಿಕೆಯೊಳಗೆ ಕಾಲು ಚಾಚಿದವಳು ಅದು ತಗುಲಿ ಕಿರುಚಿದ ಸದ್ದಿಗೆ ಕಾವಲಿನವನು ಓಡಿ ಬಂದ.

ಟಿವಿ ಇಲ್ಲ. ಇಪ್ಪತ್ತು ವರ್ಷದಿಂದ ಟಿವಿಯಲ್ಲೇ ಅನ್ನ ತಿನ್ನುತ್ತಿರುವವನು ಹೇಳ್ತಿದ್ದೀನಿ, ಆ ಮೂರು ದಿನ ಟಿವಿ ಇಲ್ಲದ್ದೇ ಸುಖವಾಗಿತ್ತು. ಇದನ್ನು ನಮ್ಮ ಮಾಲೀಕರು ಓದಲ್ಲ ಅಂದುಕೊಳ್ಳುತ್ತೇನೆ.

ಮುಖ್ಯ ವಿಷಯ, ಬೇಲಿ ಇಲ್ಲ. ಕ್ಯಾಂಪಿನ ಸುತ್ತ ಏನೇನೂ ಇಲ್ಲ. ಆನೆ ಬರುತ್ತೆ, ಕಾಡೆಮ್ಮೆ ಬರುತ್ತೆ, ಕತ್ತೆಕಿರುಬ ರಾತ್ರಿಯಿಡೀ ಕೂಗುತ್ತೆ. ಕತ್ತಲಾದ ಮೇಲೆ ಊಟದ ಜಾಗಕ್ಕೆ ಒಬ್ಬರೇ ನಡೆಯುವ ಹಾಗಿಲ್ಲ. ಸ್ವಾಹಿಲಿಯಲ್ಲಿ ಅಸ್ಕಾರಿ ಅಂತಾರೆ, ಕಾವಲಿನ ಮಸಾಯಿ ಹುಡುಗ ಭರ್ಜಿ, ಟಾರ್ಚ್ ಹಿಡಿದು ಬಂದು ಕರೆದುಕೊಂಡು ಹೋಗ್ತಾನೆ, ವಾಪಸ್ ಬಿಡ್ತಾನೆ. ಟೆಂಟಿನ ಜಿಪ್ ಎಳೆದುಕೊಂಡು ಒಳಗಿದ್ದರೆ ಪ್ರಾಣಿಗೆ ಅದೊಂದು ಗೋಡೆ. ಜಿಪ್ ತೆಗೆದು ಹೊರಗೆ ಬಂದಿರೋ, ನಿಮ್ಮ ಹಣೆಬರಹ. ಮೊದಲ ರಾತ್ರಿ ಸಿಂಹದ ಗರ್ಜನೆ ಕೇಳಿಸಿತು. ಸಿನಿಮಾದಲ್ಲಿ ಬರುವ ಹಾಗಲ್ಲ, ದೂರದಲ್ಲಿ ಯಾರೋ ದೊಡ್ಡ ಪೆಟ್ಟಿಗೆಯನ್ನು ನೆಲದ ಮೇಲೆ ಎಳೆದಂತೆ, ಎದೆಯೊಳಗೆ ಕೇಳಿಸುತ್ತೆ. ನಿದ್ದೆ ಬರಲಿಲ್ಲ. ಭಯ ಅನ್ನೋಕೂ ಆಗಲ್ಲ, ಖುಷಿ ಅನ್ನೋಕೂ ಆಗಲ್ಲ.

ಯಾಕೆ ಟೆಂಟೇ? ಅದಕ್ಕೊಂದು ಚರಿತ್ರೆ ಇದೆ. ಸಫಾರಿ ಅಂದರೆ ಸ್ವಾಹಿಲಿಯಲ್ಲಿ ಪ್ರಯಾಣ. ಅರಬ್ಬಿಯ ಸಫರ್ ಅದರ ಬೇರು. ಮುಸಾಫಿರ್ ಅಂತೀವಲ್ಲ, ಅದೇ. ಬಿಳಿಯರ ಕಾಲದಲ್ಲಿ ಸಫಾರಿ ಅಂದರೆ ಬೇಟೆ. ಅಮೆರಿಕದ ಅಧ್ಯಕ್ಷರಾಗಿದ್ದ ಥಿಯೋಡರ್ ರೂಸ್‌ವೆಲ್ಟ್ ಅಧಿಕಾರ ಬಿಟ್ಟ ಮರುಕ್ಷಣವೇ ಎಂಬಂತೆ 1909ರಲ್ಲಿ ಪೂರ್ವ ಆಫ್ರಿಕಾಕ್ಕೆ ಬಂದರು. ನೂರಾರು ಕೂಲಿಗಳು ತಲೆಯ ಮೇಲೆ ಟೆಂಟು, ಸ್ನಾನದ ತೊಟ್ಟಿ, ಪುಸ್ತಕದ ಪೆಟ್ಟಿಗೆ ಹೊತ್ತು ಹಿಂದೆ ನಡೆದರು. ಅವರ ತಂಡ ಮ್ಯೂಸಿಯಂಗೆ ಸಾಗಿಸಿದ ಜೀವಿಗಳ ಸಂಖ್ಯೆ, ಕೀಟ ಹಕ್ಕಿ ಎಲ್ಲ ಸೇರಿ, ಹನ್ನೊಂದು ಸಾವಿರಕ್ಕೂ ಹೆಚ್ಚು. 1977ರಲ್ಲಿ ಕೀನ್ಯಾ ಬೇಟೆಯನ್ನು ನಿಷೇಧಿಸಿತು. ಬಂದೂಕು ಹೋಯ್ತು, ಕ್ಯಾಮೆರಾ ಬಂತು. ಟೆಂಟು, ಬಿಸಿನೀರು, ಸಂಜೆ ಬೆಂಕಿಯ ಸುತ್ತ ಕುರ್ಚಿ, ಬಿಳಿ ಮೇಜುಬಟ್ಟೆ ಮಾತ್ರ ಹಾಗೇ ಉಳಿದವು. ನಾವೀಗ ದುಡ್ಡು ಕೊಟ್ಟು ಅನುಭವಿಸುವ ಐಷಾರಾಮಿ ಆ ಬೇಟೆಗಾರರ ದರ್ಬಾರಿನ ನಕಲು. ಗೊತ್ತಿದ್ದೂ ಅನುಭವಿಸಿದೆ. ಅದನ್ನೂ ಹೇಳಿಬಿಡಬೇಕು.

ಊಟದ ಬಗ್ಗೆ ಒಂದು ಮಾತು. ನಾವು ಸಸ್ಯಾಹಾರಿಗಳು, ಉಪವಾಸ ಗ್ಯಾರಂಟಿ ಅಂದುಕೊಂಡಿದ್ದೆವು. ಚಪಾತಿ ಬಂತು! ಚಪಾತಿ, ಸಮೋಸ ಕೀನ್ಯಾದವರದ್ದೇ ಊಟ ಈಗ. ಬ್ರಿಟಿಷರ ಕಾಲದಲ್ಲಿ ರೈಲು ಹಳಿ ಹಾಕಲು ಹೋದ ಭಾರತೀಯರು, ಅಂಗಡಿ ಇಟ್ಟ ಗುಜರಾತಿಗಳು ಬಿಟ್ಟ ಗುರುತು. ಮುಸುಕಿನ ಜೋಳದ ಹಿಟ್ಟಿನ ಉಗಾಲಿ ನೋಡಿದರೆ ನಮ್ಮ ಮುದ್ದೆಯೇ, ಬಣ್ಣ ಬಿಳಿ. ಎರಡನೇ ದಿನ ಬೆಳಗ್ಗೆ ಒಂದು ಬಟ್ಟಲು ಅಂಬಲಿ ತಂದಿಟ್ಟರು. ವಿಂಬಿ ಅಂದರು. ಒಂದು ಗುಟುಕಿಗೆ ಗೊತ್ತಾಯ್ತು, ರಾಗಿ! ರಾಗಿಯ ಮೂಲ ಪೂರ್ವ ಆಫ್ರಿಕಾದ ಎತ್ತರದ ಸೀಮೆ. ಸಾವಿರಾರು ವರ್ಷದ ಹಿಂದೆ ಅಲ್ಲಿಂದ ಇಲ್ಲಿಗೆ ಬಂದಿದ್ದು. ಕಬ್ಬಿಣದಂಥ ಮುದ್ದೆ ನಮ್ಮದು ಅಂತ ಎದೆ ತಟ್ಟಿಕೊಳ್ಳುವ ಮಂಡ್ಯದವರು ಕೋಪಿಸಿಕೊಳ್ಳಬಾರದು.

ಇನ್ನು ದುಡ್ಡಿನ ವಿಷಯಕ್ಕೆ ಬರೋಣ. ನೈರೋಬಿಯಿಂದ ರಸ್ತೆಯಲ್ಲಿ ಐದಾರು ಗಂಟೆ, ಕೊನೆಯ ಭಾಗ ಮೈಮುರಿಯುವ ದಾರಿ. ಟೊಮೆಟೊದಿಂದ ಹಿಡಿದು ಡೀಸೆಲ್‌ವರೆಗೂ ಆ ದಾರಿಯಲ್ಲೇ ಬರಬೇಕು. ಕಸ ಅದೇ ದಾರಿಯಲ್ಲಿ ವಾಪಸ್ ಹೋಗಬೇಕು. ಹತ್ತು ಟೆಂಟಿಗೆ ನಲವತ್ತು ಐವತ್ತು ಜನ ಕೆಲಸಗಾರರು. ಮಳೆಗಾಲದ ತಿಂಗಳುಗಳಲ್ಲಿ ಟೆಂಟು ಖಾಲಿ, ಸಂಬಳ ನಿಲ್ಲಲ್ಲ. ಏಜೆಂಟರ ಕಮಿಷನ್ ಇದೆ. ಬಾಡಿಗೆಯಲ್ಲಿ ಊಟ, ಗಾಡಿ, ಗೈಡು, ಬಟ್ಟೆ ಒಗೆಯೋದು ಎಲ್ಲ ಸೇರಿದೆ. ಇಷ್ಟೆಲ್ಲ ಕೂಡಿಸಿದರೂ ನನ್ನ ಲೆಕ್ಕ ಪೂರ್ತಿ ಹೊಂದಲಿಲ್ಲ. ಉಳಿದ ಲೆಕ್ಕ ಹೇಳಿದ್ದು ನಮ್ಮ ಗೈಡ್.

ಗೈಡ್ ಮಸಾಯಿ ಹುಡುಗ, ಮೂವತ್ತರ ಆಸುಪಾಸು. ಅವನ ಹೆಸರು ಹಾಕಲ್ಲ, ಮನೆಯ ಜಗಳವನ್ನೂ ನನ್ನ ಹತ್ತಿರ ಹೇಳಿಕೊಂಡಿದ್ದಾನೆ. ನನ್ನನ್ನು ಸರ್ ಅನ್ನುತ್ತಿದ್ದ, ನನ್ನ ಹೆಂಡತಿಯನ್ನು "ಮಾಮಾ" ಅನ್ನುತ್ತಿದ್ದ. ಮೊದಲ ದಿನ ಅವಳು ಕಕ್ಕಾಬಿಕ್ಕಿ. ನಾವು ಅಮ್ಮ ಅಂದಹಾಗೆ ಅಲ್ಲಿ ಮಾಮಾ, ಗೌರವದ ಮಾತು.

ಎರಡನೇ ದಿನ ಬೆಳಗ್ಗೆ ಮರದ ಮೇಲೆ ಚಿರತೆ ಸಿಕ್ಕಿತು. ನಲವತ್ತು ನಿಮಿಷ ನಿಂತೆವು. ನಮ್ಮದು ಬಿಟ್ಟರೆ ಇನ್ನೊಂದೇ ಗಾಡಿ. ನಾನು ಸುಮ್ಮನೆ ಅಂದೆ, "ಎಷ್ಟು ಖಾಲಿ ಇದೆ ಇಲ್ಲಿ." ಅವನು ದುರ್ಬೀನು ಇಳಿಸಿ ಹೇಳಿದ, "ಖಾಲಿ ಇಲ್ಲ ಸರ್. ಆ ಒಣಗಿದ ಹಳ್ಳ ಕಾಣುತ್ತಲ್ಲ, ಅದರಿಂದಾಚೆ ನಮ್ಮಪ್ಪನ ಜಮೀನು. 150 ಎಕರೆ."

ಇಲ್ಲಿದೆ ನೋಡಿ ವಿಷಯ. ನಾವೆಲ್ಲ ಮಸಾಯಿ ಮಾರಾ ಅಂದರೆ ಒಂದೇ ಕಾಡು, ಸರ್ಕಾರದ್ದು ಅಂದುಕೊಂಡಿದ್ದೇವೆ. ಅಲ್ಲ. ಒಂದು, ರಾಷ್ಟ್ರೀಯ ರಿಸರ್ವ್. ಸುಮಾರು 1,510 ಚದರ ಕಿಲೋಮೀಟರ್. ನಾರೋಕ್ ಕೌಂಟಿ ಸರ್ಕಾರದ ಕೈಯಲ್ಲಿದೆ. ಅದರ ಉತ್ತರಕ್ಕೂ ಪೂರ್ವಕ್ಕೂ ಅಂಟಿಕೊಂಡಂತೆ ಹೆಚ್ಚೂಕಡಿಮೆ ಅಷ್ಟೇ ವಿಸ್ತಾರದ ಇನ್ನೊಂದು ಸೀಮೆ ಇದೆ. ಅದು ಖಾಸಗಿ ಜಮೀನು, ಮಸಾಯಿ ಕುಟುಂಬಗಳ ಹೆಸರಿನಲ್ಲಿ ಪತ್ರ ಇರುವಂಥದ್ದು. ಅಲ್ಲಿನ ಒಂದೊಂದು ಗುಂಪು ಜಮೀನಿಗೆ ಕನ್ಸರ್ವೆನ್ಸಿ ಅಂತ ಹೆಸರು. ನಮ್ಮ ಟೆಂಟು ಇದ್ದದ್ದು ಅಂಥದ್ದೊಂದರಲ್ಲಿ.

ಹಿಂದೆ ಈ ನೆಲ ಇಡೀ ಸಮುದಾಯದ್ದು. 1968ರ ಕಾಯ್ದೆಯಲ್ಲಿ ಗ್ರೂಪ್ ರ‍್ಯಾಂಚ್ ಅಂತ ಮಾಡಿ ಗುಂಪಿನ ಹೆಸರಿಗೆ ಬರೆದರು. ಆಮೇಲೆ ಅದನ್ನೂ ಒಡೆದು ಮನೆಮನೆಗೆ ಹಂಚಿದರು. ಕೈಗೆ ಪತ್ರ ಬಂದಾಗ ಏನಾಗುತ್ತೆ, ನಮಗೆ ಗೊತ್ತಿಲ್ಲವೇ? ಕೆಲವರು ಮಾರಿದರು. ಕೆಲವರು ಬೇಲಿ ಹಾಕಿದರು. ಇನ್ನು ಕೆಲವು ಕಡೆ ಗೋಧಿ ಬಿತ್ತಿದರು. ಗೋಧಿ, ಬೇಲಿ ಬಂದಲ್ಲಿ ಕಾಡುಪ್ರಾಣಿ ಇರಲ್ಲ. ಸೆರೆಂಗೆಟಿಯಿಂದ ಲಕ್ಷಗಟ್ಟಲೆ ಬರುವ ವಿಲ್ಡಬೀಸ್ಟ್ ವಲಸೆಯ ವಿಡಿಯೋ ಎಲ್ಲರೂ ನೋಡಿದ್ದೀರಿ. ಆದರೆ ಮಾರಾದ್ದೇ ಸ್ವಂತದ್ದೊಂದು ಹಿಂಡಿತ್ತು, ಲೋಯಿತಾ ಬಯಲಿನಿಂದ ಬರುತ್ತಿದ್ದದ್ದು. 1977ರಲ್ಲಿ ಸುಮಾರು 1,19,000 ಇದ್ದದ್ದು 1997ರ ಹೊತ್ತಿಗೆ 22,000ಕ್ಕೆ ಇಳಿಯಿತು. ಇಪ್ಪತ್ತೇ ವರ್ಷ! ಮುಖ್ಯ ಕಾರಣ, ಮರಿ ಹಾಕುವ ಬಯಲು ಗೋಧಿ ಹೊಲವಾಗಿದ್ದು.

ಆಗ ಹುಟ್ಟಿದ ಉಪಾಯ ಕನ್ಸರ್ವೆನ್ಸಿ. 2005, 2006ರಿಂದ ಶುರು. ಅಕ್ಕಪಕ್ಕದ ನೂರಾರು ಮನೆಯವರು ತಮ್ಮ ಜಮೀನು ಒಟ್ಟುಗೂಡಿಸಿ, ಬೇಲಿ ಹಾಕದೆ, ಮನೆ ಕಟ್ಟದೆ, ಕ್ಯಾಂಪು ನಡೆಸುವವರಿಗೆ ಗುತ್ತಿಗೆ ಕೊಡ್ತಾರೆ. ಕ್ಯಾಂಪಿನವರು ಎಕರೆ ಲೆಕ್ಕದಲ್ಲಿ ಬಾಡಿಗೆ ಕೊಡಬೇಕು. ಪ್ರವಾಸಿ ಬರಲಿ ಬಿಡಲಿ, ನಿಗದಿ ಮೊತ್ತ, ನೇರ ಬ್ಯಾಂಕಿಗೋ ಫೋನಿನ ಎಂ-ಪೆಸಾಗೋ. ನಾವು ಯುಪಿಐ ಅಂತ ಬೀಗ್ತೀವಿ, ಕೀನ್ಯಾದವರು 2007ರಿಂದಲೇ ಫೋನಿನಲ್ಲಿ ದುಡ್ಡು ಕಳಿಸುತ್ತಿದ್ದಾರೆ.

ನಬೋಯಿಶೋ ಅಂತ ಒಂದು ಕನ್ಸರ್ವೆನ್ಸಿ ಇದೆ, 2010ರದ್ದು. ಐನೂರಕ್ಕೂ ಹೆಚ್ಚು ಭೂಮಾಲೀಕರು, ಐವತ್ತು ಸಾವಿರ ಎಕರೆ. ಅವರ ಮಾ ಭಾಷೆಯಲ್ಲಿ ನಬೋಯಿಶೋ ಅಂದರೆ ಒಟ್ಟುಗೂಡುವುದು. ಅಲ್ಲಿನ ನಿಯಮ, 350 ಎಕರೆಗೆ ಒಂದೇ ಟೆಂಟು. ಪಕ್ಕದ ಓಲಾರೆ ಮೊಟೊರೊಗಿಯಲ್ಲಿ ಇನ್ನೂ ಬಿಗಿ, 700 ಎಕರೆಗೆ ಒಂದು. ಒಂದು ಸಿಂಹದ ಹತ್ತಿರ ಐದಕ್ಕಿಂತ ಹೆಚ್ಚು ಗಾಡಿ ನಿಲ್ಲುವ ಹಾಗಿಲ್ಲ. ನಾವಿದ್ದ ಕಡೆಯೂ ಲೆಕ್ಕ ಇದಕ್ಕೆ ಹತ್ತಿರದ್ದೇ. ಈಗ ಕೂಡಿಸಿ ನೋಡಿ. 350 ಎಕರೆಗೆ ಒಂದು ಟೆಂಟು ಅಂದರೆ, ನಾವು ಗಂಡ ಹೆಂಡತಿ ಒಂದು ರಾತ್ರಿ ಮಲಗಬೇಕಾದರೆ ಗೈಡ್‌ನ ಅಪ್ಪನಂಥ ಎರಡು ಮನೆಯವರ ಇಡೀ ಜಮೀನು ಬಿಡುವಾಗಿರಬೇಕು. ಅದೂ ಸಾಲದು, ಇನ್ನೂ ಐವತ್ತು ಎಕರೆ ಬೇಕು.

ಎಳನೀರಿನವರೇ, ಟೆಂಟಿನ ಬಾಡಿಗೆ ಟೆಂಟಿಗಲ್ಲ. ಆ 350 ಎಕರೆಯಲ್ಲಿ ಬೇರೆ ಏನೂ ಇಲ್ಲದಿರುವುದಕ್ಕೆ.

ಅದು ಮನವರಿಕೆ ಆಗಿದ್ದು ಮರುದಿನ ರಿಸರ್ವ್ ಒಳಗೆ ಹೋದಾಗ. ಪ್ರವೇಶ ಶುಲ್ಕ ತಲೆಗೆ 200 ಡಾಲರ್, 2024ರಿಂದ ಜುಲೈ–ಡಿಸೆಂಬರ್ ದರ ಅದು. ಹದಿನೇಳು ಸಾವಿರ ರೂಪಾಯಿಗೂ ಮೇಲೆ, ಬೆಳಗ್ಗೆ ಆರರಿಂದ ಸಂಜೆ ಆರರವರೆಗೆ. ಮಾರಾ ನದಿಯ ದಡದಲ್ಲಿ ವಿಲ್ಡಬೀಸ್ಟ್ ದಾಟುವುದನ್ನು ಕಾಯುತ್ತಾ ನಿಂತ ಗಾಡಿ ಎಣಿಸಿದೆ, ಅರವತ್ತಕ್ಕೆ ಬಿಟ್ಟುಬಿಟ್ಟೆ. ಸಿಲ್ಕ್ ಬೋರ್ಡ್ ಜಂಕ್ಷನ್ ನೆನಪಾಯಿತು. ಹಿಂಡು ದಡಕ್ಕೆ ಬಂದಿತು, ಗಾಡಿಗಳು ಒಮ್ಮೆಲೇ ಮುನ್ನುಗ್ಗಿದವು, ಹಿಂಡು ಹೆದರಿ ತಿರುಗಿ ಹೋಯಿತು. ನಾವೂ ಆ ಅರವತ್ತರಲ್ಲಿ ಒಬ್ಬರು, ಬೈಯೋಕೆ ಬಾಯಿಲ್ಲ. ಅದೇ ನದಿ ಸೀಮೆಯಲ್ಲಿ ಆ ತಿಂಗಳೇ ಅಂತರರಾಷ್ಟ್ರೀಯ ಹೋಟೆಲ್ ಸಂಸ್ಥೆಯೊಂದರ ಹೊಸ ಐಷಾರಾಮಿ ಕ್ಯಾಂಪು ತೆರೆದಿತ್ತು. ಅದು ಪ್ರಾಣಿಗಳ ವಲಸೆ ದಾರಿಗೆ ಅಡ್ಡ ಅಂತ ಮಸಾಯಿ ಮುಖಂಡರೊಬ್ಬರು ಕೋರ್ಟಿಗೆ ಹೋದರು. ದಾರಿಗೆ ಅಡ್ಡವಿಲ್ಲ, ಎಲ್ಲ ಅನುಮತಿ ಪಡೆದಿದ್ದೇವೆ ಅಂತ ಆ ಕಡೆಯವರು ಹೇಳಿದರು.

ಇಲ್ಲಿಗೇ ನಿಲ್ಲಿಸಿದರೆ ಇದು ಕ್ಯಾಂಪಿನವರ ಜಾಹೀರಾತು ಆಗಿಬಿಡುತ್ತೆ. ಗೈಡ್‌ನ ಮನೆಗೆ ಹೋದ ಕಥೆಯನ್ನೂ ಹೇಳಬೇಕು.

ಮೂರನೇ ದಿನ ಮಧ್ಯಾಹ್ನ ಅವನೇ ಕರೆದ. ಪ್ರವಾಸಿಗರಿಗೆ ಕುಣಿದು ತೋರಿಸುವ "ಮಸಾಯಿ ವಿಲೇಜ್" ಅಲ್ಲ, ಅವನ ಮನೆ. ಕನ್ಸರ್ವೆನ್ಸಿಯ ಗಡಿಯಾಚೆ ಮುಳ್ಳಿನ ಬೇಲಿ, ತಗಡಿನ ಸೂರು, ನಡುವೆ ದನದ ದೊಡ್ಡಿ. ಅಪ್ಪ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದರು, ಕೈಯಲ್ಲಿ ಕೋಲು. ಮಗ ನಡುವೆ ಕೂತು ಮಾತು ತಿರುಗಿಸಿ ಹೇಳಿದ. "ಬಾಡಿಗೆ ಸರಿಯಾಗಿ ಬರುತ್ತಾ ಯಜಮಾನರೇ?" ಅಂತ ಕೇಳಿದೆ. ಬರುತ್ತೆ ಅಂದರು. ಮಕ್ಕಳ ಫೀಸು ಅದರಲ್ಲೇ. ಆದರೆ 2020ರಲ್ಲಿ ಕೊರೊನಾ ಬಂದು ವಿಮಾನ ನಿಂತಾಗ ಅರ್ಧಕ್ಕಿಳಿಯಿತು. ಹಲವು ಕನ್ಸರ್ವೆನ್ಸಿಗಳಲ್ಲಿ ಹಾಗಾಯಿತು. ನಿಗದಿ ಮೊತ್ತ ಅನ್ನೋದು ಪ್ರವಾಸಿ ಇರುವವರೆಗೆ ಮಾತ್ರ ನಿಗದಿ. ಆಮೇಲೆ ಬರ ಬಂತು, 2022ರಲ್ಲಿ ದನ ಸತ್ತವು. "ನನ್ನದೇ ಹುಲ್ಲು ಕಣ್ಣೆದುರಿಗೆ ನಿಂತಿರುತ್ತೆ. ಸರದಿ ಬರುವವರೆಗೆ ನನ್ನ ದನ ಒಳಗೆ ಹೋಗುವ ಹಾಗಿಲ್ಲ" ಅಂದರು. ಮೇಯಿಸಲು ಅವಕಾಶವಿದೆ, ತಿರುಗಿಸಿ ತಿರುಗಿಸಿ, ಕ್ಯಾಂಪಿನ ಅತಿಥಿಗೆ ಕಾಣದ ಕಡೆ. ನಿಯಮ ಮೀರಿದರೆ ದಂಡ.

ಅವರ ಹೆಂಡತಿ ಚಹಾ ತಂದರು, ಹಾಲು ಗಟ್ಟಿ, ಸಕ್ಕರೆ ಜಾಸ್ತಿ. ಬಾಡಿಗೆ ನಿಮ್ಮ ಕೈಗೂ ಬರುತ್ತಾ ಅಂತ ನನ್ನ ಹೆಂಡತಿ ಕೇಳಿದಳು. ಮಗ ತಿರುಗಿಸಿ ಹೇಳುವ ಮುಂಚೆಯೇ ಪ್ರಶ್ನೆ ಅರ್ಥವಾದವರಂತೆ ನಕ್ಕುಬಿಟ್ಟರು. ಪತ್ರ ಗಂಡಸರ ಹೆಸರಲ್ಲಿ, ದುಡ್ಡು ಗಂಡಸರ ಫೋನಿಗೆ. ಮಾರಾದ ಬಹುಪಾಲು ಮನೆಗಳ ಕಥೆ ಇದೇ. ಹಂಚಿಕೆಯಲ್ಲಿ ಪ್ರಭಾವಿಗಳಿಗೆ ಒಳ್ಳೆಯ ಜಾಗ, ಕೆಲವರಿಗೆ ದೂರದ ಕಲ್ಲುಭೂಮಿ ಸಿಕ್ಕಿದೆ. ಪತ್ರವೇ ಇಲ್ಲದವರಿಗೆ ಬಾಡಿಗೆಯೂ ಇಲ್ಲ. ಈ ಮನೆಯ ಜಗಳ ಇನ್ನೊಂದು. ನಾಲ್ಕು ಜನ ಗಂಡುಮಕ್ಕಳು, 150 ಎಕರೆ. ಗೈಡ್ ಕೆಲಸದಲ್ಲಿರುವವನು ಗುತ್ತಿಗೆ ಮುಂದುವರಿಸೋಣ ಅಂತಾನೆ. ತಮ್ಮನೊಬ್ಬ ಪಾಲು ಕೊಡಿ, ಬೇಲಿ ಹಾಕ್ತೀನಿ ಅಂತಾನೆ. ಅವನು ಪಾಲು ತೆಗೆದುಕೊಂಡ ದಿನ ಚಿರತೆಯ ಆ ಹಳ್ಳಕ್ಕೆ ಬೇಲಿ ಬೀಳುತ್ತೆ.

ಭೂಮಿಯ ವಿಷಯದಲ್ಲಿ ಈ ಜನ ಬೆಂದವರು. 1904 ಮತ್ತು 1911ರಲ್ಲಿ ಬ್ರಿಟಿಷರು ಎರಡು ಒಪ್ಪಂದ ಮಾಡಿಸಿಕೊಂಡು ಮಸಾಯಿಗಳನ್ನು ಒಳ್ಳೆಯ ಹುಲ್ಲುಗಾವಲುಗಳಿಂದ ಎಬ್ಬಿಸಿ ದಕ್ಷಿಣಕ್ಕೆ ಓಡಿಸಿದರು. ಅವರು 1913ರಲ್ಲಿ ಕೋರ್ಟಿಗೂ ಹೋದರು. ಕೋರ್ಟು ಏನೆಂದಿತು ಗೊತ್ತಾ? ಇದು ಎರಡು ಸಾರ್ವಭೌಮರ ನಡುವಿನ ಸಂಧಿ, ನಾವು ಕೈಹಾಕುವಂತಿಲ್ಲ! ನೆಲ ಕಿತ್ತುಕೊಳ್ಳುವಾಗ ಪ್ರಜೆ, ನ್ಯಾಯ ಕೇಳುವಾಗ ಸಾರ್ವಭೌಮ. ಅದು ಹೋಗಲಿ, ನೂರು ವರ್ಷದ ಹಿಂದಿನದು. 2022ರ ಜೂನ್‌ನಲ್ಲಿ ಗಡಿಯಾಚೆ ತಾಂಜಾನಿಯಾದ ಲೋಲಿಯೊಂಡೊದಲ್ಲಿ 1,500 ಚದರ ಕಿಲೋಮೀಟರ್ ಸೀಮೆಗೆ ಗಡಿಕಲ್ಲು ನೆಡಲು ಪೊಲೀಸರು ಬಂದಾಗ ಮಸಾಯಿಗಳ ಜೊತೆ ಘರ್ಷಣೆಯಾಯಿತು, ಗುಂಡು ಹಾರಿತು, ಪೊಲೀಸ್ ಒಬ್ಬರು ಸತ್ತರು, ಸಾವಿರಾರು ಜನ ಓಡಿಹೋದರು. ಹಾಗೆ ನೋಡಿದರೆ ಈ ಕಡೆಯ ಅಪ್ಪ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಬಾಡಿಗೆ ಕಮ್ಮಿ ಆಯ್ತು ಅಂತ ನನ್ನಂಥ ಹೊರಗಿನವನ ಹತ್ತಿರ ಗೊಣಗುವುದೂ ಒಂದು ಬಲವೇ. ಗುತ್ತಿಗೆ ಮುಗಿದ ದಿನ ಬೇಡ ಅನ್ನುವ ಹಕ್ಕು ಅವರಿಗಿದೆ.

ಎದ್ದು ಹೊರಡುವಾಗ ಯಜಮಾನರು ಮಗನ ಕೈಲಿ ಒಂದು ಪ್ರಶ್ನೆ ಕೇಳಿಸಿದರು. "ನಿಮ್ಮ ದೇಶದಲ್ಲಿ ಹುಲಿ ಇದೆಯಂತೆ. ಹುಲಿ ನೋಡಲು ಬಂದವರು ದುಡ್ಡು ಕೊಡ್ತಾರಲ್ಲ, ಹುಲಿಗೆ ದನ ಕಳೆದುಕೊಂಡವನಿಗೆ ಅದರಲ್ಲಿ ಪಾಲು ಎಷ್ಟು?"

ದಿನಾ ರಾತ್ರಿ ಒಂಬತ್ತಕ್ಕೆ ಮಂತ್ರಿಗಳನ್ನು ನಿಲ್ಲಿಸಿ ಪ್ರಶ್ನೆ ಕೇಳುವವನು ನಾನು. ಅಲ್ಲಿ ತಡವರಿಸಿದೆ. ಅರಣ್ಯ ಇಲಾಖೆ ಪರಿಹಾರ ಕೊಡುತ್ತೆ ಅಂದೆ. "ಅದು ಸತ್ತ ದನಕ್ಕೆ. ಬದುಕಿರುವ ಹುಲಿಗೆ?" ಅಂದರು.

ಬೆಂಗಳೂರಿಗೆ ಬಂದು ಮೂರು ತಿಂಗಳಾಗಿರಲಿಲ್ಲ, 2025ರ ನವೆಂಬರ್ ಮೊದಲ ವಾರ ಅದೇ ಪ್ರಶ್ನೆ ನಮ್ಮ ಸ್ಟುಡಿಯೋಗೇ ಬಂತು. ಸರಗೂರು ಭಾಗದಲ್ಲಿ ಹುಲಿ ದಾಳಿಗೆ ಒಬ್ಬರ ಹಿಂದೆ ಒಬ್ಬರು ರೈತರು ಸತ್ತರು. ಜನ ಸಿಡಿದೆದ್ದರು. ಬಂಡೀಪುರ, ನಾಗರಹೊಳೆಯಲ್ಲಿ ಸಫಾರಿ ನಿಲ್ಲಿಸಿ ಅಂತ ಸರ್ಕಾರ ಆದೇಶ ಹೊರಡಿಸಿತು. ಸಫಾರಿ ಗಾಡಿಗಳ ಗದ್ದಲಕ್ಕೆ ಹುಲಿ ಹೊರಗೆ ಬರುತ್ತಿದೆ ಅಂತ ರೈತರು. ಅದಕ್ಕೆ ಪುರಾವೆ ಇಲ್ಲ, ನಮ್ಮ ಹೊಟ್ಟೆಗೆ ಹೊಡೀತಿದ್ದೀರಿ ಅಂತ ರೆಸಾರ್ಟಿನವರು, ಡ್ರೈವರ್‌ಗಳು. ನಾನು ಇಬ್ಬರನ್ನೂ ಕೂರಿಸಿಕೊಂಡು ಒಂದು ಗಂಟೆ ಚರ್ಚೆ ಮಾಡಿದೆ, ಗಲಾಟೆ ಚೆನ್ನಾಗಿ ಆಯ್ತು. ಹುಲಿ ಹೊರಗೆ ಬಂದದ್ದು ಸಫಾರಿಯಿಂದಲೋ ಬೇರೆ ಕಾರಣಕ್ಕೋ, ತಜ್ಞರು ಹೇಳಲಿ. ಆದರೆ ಆ ರೈತರ ಸಿಟ್ಟಿನ ಇನ್ನೊಂದು ಮುಖ ನನಗೆ ಮಾರಾ ನೋಡಿದ್ದರಿಂದ ಕಂಡಿತು. ರಾತ್ರಿಗೆ ಇಪ್ಪತ್ತು ಮೂವತ್ತು ಸಾವಿರ ತೆಗೆದುಕೊಳ್ಳುವ ರೆಸಾರ್ಟು ಅವರ ಊರಿನಲ್ಲಿದೆ, ಹುಲಿ ಅವರ ಹೊಲಕ್ಕೆ ಬರುತ್ತೆ, ಆ ಹುಲಿ ಬದುಕಿರುವುದರಿಂದ ಅವರ ಮನೆಗೆ ತಿಂಗಳಿಗೆ ಒಂದು ರೂಪಾಯಿಯೂ ಬರಲ್ಲ. ಜಮೀನು ಕೊಂಡಿದ್ದಾರೆ, ಆಗ ಕೊಟ್ಟ ದುಡ್ಡು ಕೊಟ್ಟರು, ಮುಗೀತು.

ನಮ್ಮದು ಬೇರೆ ವ್ಯವಸ್ಥೆ, ಒಪ್ಪುತ್ತೇನೆ. ಕಾಡು ಸರ್ಕಾರದ್ದು. 1980ರಲ್ಲೇ ಕರ್ನಾಟಕ ಸರ್ಕಾರ ಜಂಗಲ್ ಲಾಡ್ಜಸ್ ಕಟ್ಟಿತು, ಕಬಿನಿಯನ್ನು ಜಗತ್ತಿಗೆ ತೋರಿಸಿತು, ಸಾಧಾರಣ ಮನೆತನದವರಿಗೂ ಹುಲಿ ಕಾಣುವಂತೆ ಮಾಡಿತು. ಮಾರಾದಲ್ಲಿ ಅಲ್ಲಿನ ಬಡವನೊಬ್ಬ ನಮ್ಮಂತೆ ಆ ಟೆಂಟಿನಲ್ಲಿ ಮಲಗುವುದು ಕನಸಿನಲ್ಲೂ ಸಾಧ್ಯವಿಲ್ಲ. ನಮ್ಮ ಎಕರೆಗಳೂ ಸಣ್ಣವು, ಯಾರ ಬಳಿ ಇದೆ ಇಲ್ಲಿ 150 ಎಕರೆ? ಕಾಡಿನೊಳಗಿಂದ ಎದ್ದು ಬಂದವರ ಕಥೆಯೂ ಇದೆ. 2025ರ ಮೇ ತಿಂಗಳಲ್ಲಿ ಜೇನು ಕುರುಬ ಕುಟುಂಬಗಳು ನಾಗರಹೊಳೆಯ ಕರಡಿಕಲ್ಲಿಗೆ ಮರಳಿ ಹೋಗಿ, ಇದು ನಮ್ಮ ಹಾಡಿ ಅಂತ ಕೂತರು. ಅವರ ಹೆಸರಿನಲ್ಲಿ ಪತ್ರ ಇದ್ದಿದ್ದರೆ ಇವತ್ತು ಯಾರು ಯಾರಿಗೆ ಬಾಡಿಗೆ ಕೊಡಬೇಕಾಗಿತ್ತು, ನೀವೇ ಯೋಚಿಸಿ.

ಹೋಗುವವರಿಗೆ ಎರಡು ಮಾತು. ದುಡ್ಡು ಕಟ್ಟುವ ಮುಂಚೆ ಏಜೆಂಟರನ್ನು ಈಜುಕೊಳ ಇದೆಯಾ ಅಂತ ಕೇಳಬೇಡಿ. ಕ್ಯಾಂಪು ರಿಸರ್ವ್ ಒಳಗಿದೆಯೋ ಕನ್ಸರ್ವೆನ್ಸಿಯಲ್ಲೋ, ನೆಲ ಯಾರದ್ದು, ಬಿಲ್ಲಿನಲ್ಲಿ ಕನ್ಸರ್ವೆನ್ಸಿ ಶುಲ್ಕ ಬೇರೆ ತೋರಿಸುತ್ತೀರಾ, ಎಷ್ಟು ಎಕರೆಗೆ ಒಂದು ಟೆಂಟು, ಇಷ್ಟು ಕೇಳಿ. ಉತ್ತರ ಗೊತ್ತಿಲ್ಲದ ಏಜೆಂಟರನ್ನು ಬಿಟ್ಟು ಮುಂದೆ ಹೋಗಿ. ಗೈಡ್ ಆ ಸೀಮೆಯವನೇ ಆಗಿದ್ದರೆ ಇನ್ನೂ ಒಳ್ಳೆಯದು. 2005ರಿಂದ ಕೊಯಿಯಾಕಿ ಅನ್ನುವಲ್ಲಿ ಮಸಾಯಿ ಹುಡುಗ ಹುಡುಗಿಯರಿಗೆ ಗೈಡ್ ತರಬೇತಿ ಕೊಡುವ ಶಾಲೆಯೇ ಇದೆ. ದುಬಾರಿ ಅನ್ನಿಸಿದರೆ ಏಪ್ರಿಲ್, ಮೇ ಮಳೆಗಾಲದಲ್ಲಿ ಹೋಗಿ, ದರ ಇಳಿಯುತ್ತೆ. ವಲಸೆ ಸಿಗಲ್ಲ, ಸಿಂಹ ಎಲ್ಲಿಗೂ ಹೋಗಲ್ಲ.

ಇಷ್ಟನ್ನೂ ಎಳನೀರಿನವರಿಗೆ ಹೇಳಿದೆ, ಎರಡು ಮೂರು ದಿನ ಬಿಡಿಬಿಡಿಯಾಗಿ. ಕಾಯಿ ಕೆತ್ತುತ್ತಾ ಕೇಳಿಸಿಕೊಂಡರು. ಅವರ ಊರು ಹನೂರಿನ ಕಡೆ, ಕಾಡಂಚು ಅಂತ ನನಗೆ ಗೊತ್ತಾಗಿದ್ದು ಆವತ್ತು. ಎರಡೆಕರೆ ಇದೆಯಂತೆ. ಆನೆ ಕಾಟಕ್ಕೆ ಮುಸುಕಿನ ಜೋಳ ಹಾಕುವುದನ್ನು ಬಿಟ್ಟು ಬೆಂಗಳೂರಿಗೆ ಬಂದು ಏಳು ವರ್ಷ.

ಸ್ಟ್ರಾ ಹಾಕಿ ಕಾಯಿ ಕೈಗೆ ಕೊಟ್ಟು ಕೇಳಿದರು, "ನಮ್ದೂ ಖಾಲಿನೇ ಬಿದ್ದೈತೆ ಸಾರ್. ಆನೆ ಬಂದ್ರೆ ಬರ್ಲಿ, ಬಾಡಿಗೆ ಕೊಡೋರು ಯಾರಾದ್ರೂ ಇದ್ರೆ ನೋಡಿ."